ಮೀಟರಿನ ನಂಬರೂ ಮಾನಪ್ಪನ ಹಸಿವೂ

ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಬೆಳಗಾದರೆ ಗಂಡ ಹೆಂಡತಿಗೆ ಜಗಳ. ಕಾರಣ, ಅಂಗೈಯಗಲದ ಸಕ್ಕರೆ ಮೀಟರ್.

ಮಾನಪ್ಪ ಲಿಂಗಸುಗೂರು ಕಡೆಯವನು, ಟೈಲ್ಸ್ ಕೆಲಸಗಾರ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಹೆಂಡತಿ ಅಮೃತಮ್ಮ ಕುಕ್ ಟೌನಿನಲ್ಲಿ ಅಡುಗೆಗೆ ಹೋಗುತ್ತಿದ್ದಳು. ಆ ಮನೆಯವರು ಹೊಸ ಮೀಟರ್ ಕೊಂಡು ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಮೀಟರಿಗೆ ಸಿಕ್ಕಿಸಿದ ಸ್ಟ್ರಿಪ್ ಪಟ್ಟಿಗೆ ತಾಕಿಸುವುದನ್ನು ಅಮೃತಮ್ಮ ಬೇಗ ಕಲಿತಳು. ಜೊತೆಗೆ ಬಂದ ಪಟ್ಟಿಗಳು ಮುಗಿದಾಗ ಹಲಸೂರಿನ ಅಂಗಡಿಯಿಂದ ಅದೇ ಕಂಪನಿಯ ಹೊಸ ಡಬ್ಬಿ ತಂದಳು. ಅಲ್ಲಿಂದ ಶುರುವಾಯಿತು ಫಜೀತಿ.

"ಇನ್ನೂರಾ ಹತ್ತು! ಶಫಿ ಚಾದಂಗಡ್ಯಾಗ ಏನ್ ತಿಂದ್ರಿ, ಖರೇ ಹೇಳ್ರಿ."

"ನಿನ್ನಾಣಿ, ಏನೂ ತಿಂದಿಲ್ಲ. ಸಪ್ಪನ ಚಾ ಅಷ್ಟ."

"ಮತ್ತ ಮಷಿನ್ ಸುಳ್ಳು ಹೇಳ್ತೈತೇನು?"

ಅಮೃತಮ್ಮನಿಗೆ ಅವನ ಮೇಲೆ ಸಿಟ್ಟಿಗಿಂತ ಭಯ ಹೆಚ್ಚು. ಮರ್ಫಿ ಟೌನಿನ ಜಟ್ಟೆಮ್ಮ ಎಂಬ ಪರಿಚಯದವಳು ಇದೇ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದಳು. ಅದಕ್ಕೇ ಡಾಕ್ಟರನ್ನು ಕೇಳದೆ ಗಂಡನ ರೊಟ್ಟಿಗೆ ಕತ್ತರಿ ಹಾಕಿದಳು.

ಒಂದು ಸಂಜೆ ಮಾನಪ್ಪ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ. ತಟ್ಟೆಯಲ್ಲಿ ಸಿಕ್ಕಿದ್ದು ಬರೀ ಮಜ್ಜಿಗೆ, ಸೌತೆಕಾಯಿ. ಸ್ವಲ್ಪ ಹೊತ್ತಿಗೆ ಅವನ ಕೈ ನಡುಗಿತು, ಅಂಗಿ ಬೆವರಿಗೆ ಒದ್ದೆಯಾಯಿತು. ಅಮೃತಮ್ಮ ಗಾಬರಿಯಿಂದ ಮೀಟರ್ ತೆಗೆದಳು. ನಂಬರ್ ನೋಡಿದವಳೇ ಮುಖ ಅರಳಿಸಿದಳು.

"ನೂರಾ ಹತ್ತು! ಇಳಿದೈತ್ರಿ! ಏನೂ ಆಗಿಲ್ಲ ನಿಮಗ."

"ಅಮೃತಾ... ಕಣ್ಣಿಗೆ ಕತ್ತಲಿ ಬರಾಕತ್ತೈತಿ," ಎಂದು ಮಾನಪ್ಪ ಗೋಡೆಗೆ ಒರಗಿದ.

ಅಷ್ಟರಲ್ಲಿ ಪಾತ್ರೆ ವಾಪಸ್ ಕೊಡಲು ಮೇಲಿನ ಮನೆಯ ರುದ್ರಾಣಿ ಬಂದಳು. ದಾವಣಗೆರೆಯವಳು, ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮಾನಪ್ಪನ ನಡುಕ, ಬೆವರು ಕಂಡು, ಸಕ್ಕರೆ ತೀರಾ ಕೆಳಗಿಳಿದಿದೆ ಎಂದು ಅವಳಿಗೆ ಬಾಗಿಲಲ್ಲೇ ತಿಳಿಯಿತು.

"ಅಮೃತಕ್ಕ, ಸಕ್ಕರೆ ಎಲ್ಲಿದೆ? ಬೇಗ!"

"ಸಕ್ಕರಿ ಯಾಕವ್ವ? ಮಷಿನ್‌ನ್ಯಾಗ ಸರಿ ಐತಿ!"

"ಮಷಿನ್ ಆಮೇಲೆ ನೋಡೋಣ, ಮೊದ್ಲು ಮನುಷ್ಯನ್ನ ನೋಡಿ. ಅಣ್ಣಾ, ನುಂಗೋಕಾಗುತ್ತಾ?"

ಮಾನಪ್ಪ ಹೂಂ ಎಂದು ತಲೆಯಾಡಿಸಿದ. ನೀರಿಗೆ ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. "ರೊಟ್ಟಿ ಐತೇನು?" ಎಂದು ಕೇಳಿದ. ಅಮೃತಮ್ಮ ಕಣ್ಣೊರೆಸಿಕೊಳ್ಳುತ್ತಲೇ ರೊಟ್ಟಿ ತಟ್ಟಲು ಕೂತಳು.

ರುದ್ರಾಣಿ ಮೀಟರಿಗೆ ಪಟ್ಟಿ ಸಿಕ್ಕಿಸಿದಳು. ತೆರೆಯಲ್ಲಿ ಹದಿನೆಂಟು ಎಂದು ಮೂಡಿತು. ಪಟ್ಟಿಯ ಡಬ್ಬಿ ತಿರುಗಿಸಿದರೆ ಹದಿಮೂರು.

"ಇಲ್ಲೇ ನೋಡಿ ಎಡವಟ್ಟು. ಇದು ಕೋಡ್ ನಂಬರ್. ಹೊಸ ಡಬ್ಬಿ ತಂದಾಗ್ಲೆಲ್ಲ ಇವೆರಡೂ ಒಂದೇ ಇದ್ಯಾ ಅಂತ ನೋಡ್ಬೇಕು. ಹೊಂದಿಲ್ಲ ಅಂದ್ರೆ ಬರೋ ಲೆಕ್ಕವೇ ತಪ್ಪು."

"ಹಂಗಾದ್ರ ಇಷ್ಟು ದಿನ...?"

"ಇಷ್ಟು ದಿನ ಇದ್ದಿದ್ದಕ್ಕಿಂತ ಜಾಸ್ತಿ ತೋರ್ಸಿರ್ಬೇಕು."

ಗುಂಡಿ ಒತ್ತಿ ಹದಿಮೂರಕ್ಕೆ ತಂದಳು. ಮರುದಿನ ಲ್ಯಾಬಿನಿಂದ ಆ ಮೀಟರಿಗೆ ಹೊಂದುವ ಪರೀಕ್ಷೆ ದ್ರವದ ಸಣ್ಣ ಬಾಟಲಿ ತಂದಳು. ರಕ್ತದ ಬದಲು ಅದರ ಹನಿ ಇಟ್ಟರೆ, ಪಟ್ಟಿಯ ಡಬ್ಬಿಯ ಮೇಲೆ ಅಚ್ಚಾದ ಎರಡು ಸಂಖ್ಯೆಗಳ ನಡುವೆ ನಂಬರ್ ಬರಬೇಕು. ಬಂತು. ಆದರೂ ಅಮೃತಮ್ಮನಿಗೆ ಅನುಮಾನ.

"ಒಮ್ಮೆ ಮೋಸ ಮಾಡಿದ್ದು ಮತ್ತ ಮಾಡಂಗಿಲ್ಲ ಅಂತ ಏನ್ ಗ್ಯಾರಂಟಿ?"

"ನಂಬ್ಬೇಡಿ, ಪರೀಕ್ಷೆ ಮಾಡಿ," ಎಂದು ರುದ್ರಾಣಿ ನಕ್ಕಳು.

ಮಾನಪ್ಪನನ್ನು ಲ್ಯಾಬಿಗೆ ಕರೆದೊಯ್ದರು. ತೋಳಿನಿಂದ ರಕ್ತ ತೆಗೆದ ಹೊತ್ತಿಗೇ, ಕೈ ತೊಳೆದು ಒರೆಸಿ, ಬೆರಳಿನ ಹನಿಯನ್ನು ಮೀಟರಿಗೂ ಇಟ್ಟರು. ಎರಡೂ ನಂಬರ್ ಹತ್ತಿರ ಹತ್ತಿರ ಬಂದವು. ಮಾನಪ್ಪನ ಡಾಕ್ಟರು ಲ್ಯಾಬಿನ ಚೀಟಿ ನೋಡಿ, "ಗುಳಿಗೆ ನುಂಗಿ ಊಟ ಬಿಡ್ಬಾರ್ದಮ್ಮ. ಊಟ, ಔಷಧಿ ಯಾವುದನ್ನೂ ನಮ್ಮನ್ನ ಕೇಳದೆ ಬದಲಾಯಿಸ್ಬೇಡಿ," ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಅಮೃತಮ್ಮ ಮೆಲ್ಲಗೆ, "ನಿಮ್ಮನ್ನ ಕಳ್ಳ ಅಂದಂಗಾತು," ಎಂದಳು.

"ನಾ ಸಾಯ್ತೀನಂತ ಹೆದರಿ ಅಂದಿ. ಗೊತ್ತೈತಿ ಬಿಡು," ಎಂದು ಮಾನಪ್ಪ ಅವಳ ಕೈ ಹಿಡಿದುಕೊಂಡ.

ಅಕ್ಕ, ಅಣ್ಣ, ತಾಯಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಮೀಟರ್ ಇದೆಯೇ? ಇವತ್ತೇ ಹೊರಗೆ ತೆಗೆಯಿರಿ. ಕೋಡ್ ಹೊಂದಿಸುವ ಮೀಟರಾದರೆ ಡಬ್ಬಿಯ ನಂಬರಿಗೂ ತೆರೆಯ ನಂಬರಿಗೂ ತಾಳೆ ನೋಡಿ. ಪಟ್ಟಿಯ ಅವಧಿ ಮುಗಿದಿಲ್ಲ ತಾನೇ? ಕೈ ತೊಳೆದು ಒರೆಸಿಯೇ ಚುಚ್ಚಿ. ಆಗಾಗ ಪರೀಕ್ಷೆ ದ್ರವದಿಂದ ಮೀಟರನ್ನೂ ಪರೀಕ್ಷಿಸಿ, ಲ್ಯಾಬಿಗೆ ಹೋದಾಗ ಜೊತೆಗೆ ಒಯ್ಯಿರಿ. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ನಂಬರ್ ಏನೇ ಇರಲಿ, ನುಂಗುವ ಎಚ್ಚರವಿದ್ದವರಿಗೆ ಕೂಡಲೇ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಿಮ್ಮವರು "ನನಗೆ ಸರಿ ಇಲ್ಲ" ಎಂದಾಗ, ಮೊದಲು ಅವರ ಮಾತು ಕೇಳಿ.