ಬಾಗಿಲಾಚೆಯ ಮೆಟ್ಟು

“ಎಲ್ಲಾ ಹಸಿರು ಮುದ್ದಣ್ಣೋರೆ, ಒಂದು ಚುಕ್ಕೇನೂ ಕೆಂಪಿಲ್ಲ!” ದಿವ್ಯ ಫೋನನ್ನು ಅವನ ಮೂಗಿನ ಹತ್ತಿರಕ್ಕೇ ಹಿಡಿದಳು. ಪರದೆಯ ಮೇಲೆ ಎರಡು ಪಾದಗಳು, ಮಳೆ ಬಿದ್ದ ಮೇಲಿನ ರಾಗಿ ಹೊಲದಂತಿದ್ದವು.

ಅವನ ಕಾಲಲ್ಲಿದ್ದದ್ದು ಸಕ್ಕರೆ ಕಾಯಿಲೆಯವರಿಗೆಂದು ಅವಳ ಆರೋಗ್ಯ ಸಂಸ್ಥೆಯವರು ಅಗ್ಗದಲ್ಲಿ ಮಾಡಿಸಿದ ಮೆಟ್ಟು. ಪಾದ ಎಲ್ಲಿ ಜಾಸ್ತಿ ಒತ್ತುತ್ತದೋ ಅಲ್ಲಿ ಫೋನಿನಲ್ಲಿ ಕೆಂಪು. ಕೆಂಪು ಬಂದವರು ತಿಪಟೂರಿಗೆ, ಡಾಕ್ಟರ ಹತ್ತಿರ. ಹಸಿರು ಬಂದವರು ಮನೆಗೆ. ಮೊದಲೆಲ್ಲ ದಿವ್ಯ ಒಬ್ಬೊಬ್ಬರ ಕಾಲನ್ನೂ ಎತ್ತಿಸಿ ನೋಡುತ್ತಿದ್ದಳು. ಈ ಮಿಷನ್ ಮೆಟ್ಟು ಬಂದ ಮೇಲೆ ಆ ಕಷ್ಟ ತಪ್ಪಿತ್ತು. ಮುಳ್ಳು ಚುಚ್ಚಿದರೂ ಗೊತ್ತಾಗದ ಕಾಲು ಮುದ್ದಣ್ಣನದು. ಅದನ್ನವನು ದೇವರು ಕೊಟ್ಟ ವರವೆಂದು ಹೇಳಿಕೊಂಡು ತಿರುಗುತ್ತಿದ್ದ.

“ದಿನಾ ಹಾಕ್ಕೊಂಡ್ರಾ?”

“ಇನ್ನೇನವ್ವ? ಮನೆಯಿಂದ ಹೊಂಟ್ರೂ ಅದೇ, ಮನೆಗೆ ಬಂದ್ರೂ ಅದೇ.”

ಸುಳ್ಳಲ್ಲ. ಹೊನ್ನವಳ್ಳಿಯ ಬೀದಿಯಲ್ಲಿ ಅವನು ಅದನ್ನು ಮೆಟ್ಟಿ ಮದುಮಗನಂತೆ ನಡೆಯುತ್ತಿದ್ದ. ಆದರೆ ಹೋಗುವುದಕ್ಕೂ ಬರುವುದಕ್ಕೂ ನಡುವೆ ಹನುಮಂತರಾಯರ ಕೊಬ್ಬರಿ ಶೆಡ್ಡಿತ್ತು. ಅಲ್ಲಿ ಹಗಲೆಲ್ಲ ನಿಂತು, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಅವನ ಕೆಲಸ. ಕೊಬ್ಬರಿ ಇರುವಲ್ಲಿಗೆ ಯಾರಾದರೂ ಮೆಟ್ಟು ಮೆಟ್ಟಿ ಹೋಗುತ್ತಾರೆಯೇ? ಬಾಗಿಲಾಚೆ ಬಿಟ್ಟು, ಚಿಪ್ಪಿನ ಚೂರುಗಳ ಮೇಲೆ ಬರಿಗಾಲು. ದಿವ್ಯಳ ಅಜ್ಜನ ಮನೆಯಲ್ಲೂ ಹಾಗೆಯೇ. ಅವಳಿಗೆ ಅದು ಎಷ್ಟು ಸಹಜವೆಂದರೆ, ಕೇಳಬೇಕೆಂದೇ ಹೊಳೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕಾಳಕ್ಕ ಮೂಗು ಮುಚ್ಚಿಕೊಂಡಳು. “ಎಡಗಾಲು ವಾಸ್ನೆ ಬತ್ತೈತೆ ಕಣಯ್ಯ. ಆ ಹುಡುಗಿಗೆ ತೋರ್ಸು.”

“ಬುಡೇ. ಮಿಷನ್ನೇ ಹಸಿರು ಅಂದೈತೆ. ನಿನ್ ಮೂಗಿಗೇನ್ ಬ್ಯಾಟ್ರಿ ಹಾಕವ್ರಾ?”

ಕಾಳಕ್ಕನಿಗೂ ನಗು ಬಂತು. ಮುದ್ದೆ ಬಡಿಸಿದಳು.

ಮರುದಿನ ಶೆಡ್ಡಿನ ಬಾಗಿಲಲ್ಲಿ ಅವನು ಮೆಟ್ಟನ್ನು ಪಂಚೆಯ ತುದಿಯಿಂದ ಒರೆಸಿ, ನೆರಳಿಗೆ ಜೋಡಿಸಿಟ್ಟು ಒಳಗೆ ಹೋದ. ಮಧ್ಯಾಹ್ನ ಹನುಮಂತರಾಯರು ಬಂದವರು ನೆಲ ನೋಡಿ ನಿಂತರು.

“ಲೋ ಮುದ್ದಣ್ಣ, ನೀರು ಚೆಲ್ಲಿದ್ಯೇನ್ಲಾ?”

“ಇಲ್ವಲ್ಲ ಯಜಮಾನ್ರೇ.”

ಅವನು ತಿರುಗಿ ನೋಡಿದ. ರಾಶಿಯಿಂದ ಮೂಟೆಯವರೆಗೆ, ಮೂಟೆಯಿಂದ ರಾಶಿಯವರೆಗೆ ಕೊಬ್ಬರಿ ಧೂಳಿನ ಮೇಲೆ ಒದ್ದೆ ಹೆಜ್ಜೆಗಳು, ಎಲ್ಲವೂ ಎಡಗಾಲಿನವು. ಅವು ಯಾರವೆಂದು ಕೇಳುವವನಂತೆ ಯಜಮಾನರ ಮುಖ ನೋಡಿದ.

ಬಾಗಿಲಾಚೆ ಮೆಟ್ಟಿನ ಅಂಚಿನಲ್ಲಿ ಪುಟ್ಟ ಹಸಿರು ದೀಪ ಮಿಣುಕುತ್ತಲೇ ಇತ್ತು.