ಗೋಡೆ ಕಾಣುವ ಲೆನ್ಸ್

ಕ್ಯಾಮೆರಾ ಅಂಗಡಿಗೆ ಹೆಂಗಸರು ಹೋದರೆ ಅಂಗಡಿಯವರಿಗೆ ಕಣ್ಣೇ ಕಾಣುವುದಿಲ್ಲ. ಕೌಂಟರಿನ ಮುಂದೆ ನಿಂತವಳು ನಾನು, ಕತ್ತಿಗೆ ಕ್ಯಾಮೆರಾ ತಗುಲಿಹಾಕಿಕೊಂಡವಳು ನಾನು, ಪ್ರಶ್ನೆ ಕೇಳಿದವಳೂ ನಾನೇ. ಭಾರ್ಗವ ಎನ್ನುವ ಆ ಮನುಷ್ಯ ಉತ್ತರ ಕೊಟ್ಟಿದ್ದು ಮಾತ್ರ ನನ್ನ ಪಕ್ಕದಲ್ಲಿ ಫೋನು ನೋಡುತ್ತಾ ನಿಂತಿದ್ದ ನಮ್ಮಣ್ಣ ಸಿದ್ದರಾಜುವಿಗೆ.

"ಸಾರ್, ಸಿಸ್ಟರ್‌ಗೆ ಒಂದು ಫಿಫ್ಟಿ ಲೆನ್ಸ್ ಕೊಡಿಸ್ಬಿಡಿ. ಕಮ್ಮಿ ರೇಟು, ಕಣ್ಣು ಮುಚ್ಕೊಂಡು ತಗೋಬಹುದು."

ಲೆನ್ಸನ್ನು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬೇಕಂತೆ. ನನಗೆ ಅಲ್ಲಿಂದಲೇ ಮೈ ಉರಿಯಲು ಶುರುವಾಯಿತು.

ನನಗೆ ಏನು ಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ವಾರವೆಲ್ಲ ಜೆ.ಪಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ, ಭಾನುವಾರ ಬಂದರೆ ನಾಮಕರಣ, ಸೀಮಂತ ಅಂತ ಫೋಟೋ ತೆಗೆಯಲು ಹೋಗುತ್ತೇನೆ. ನನ್ನದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ. ಅದರ ಜತೆ ಬಂದ ಲೆನ್ಸ್ ಹಗಲಲ್ಲಿ ಹುಲಿ, ಟ್ಯೂಬ್‌ಲೈಟಿನ ಕೆಳಗೆ ಕುರುಡು ಇಲಿ. ನಮ್ಮ ತಮ್ಮ ಸುಭಾಷನ ಮದುವೆ ಮುಂದಿನ ಭಾನುವಾರವಿತ್ತು, ಅದೂ ಜಯನಗರದ ಪಕ್ಕದ ಯಡಿಯೂರಿನ ನಮ್ಮ ಮನೆಯ ನಡುಮನೆಯಲ್ಲೇ. ಛತ್ರ ಬೇಡ ಎಂದು ಅವನೂ ಹುಡುಗಿ ತೇಜಸ್ವಿನಿಯೂ ಸೇರಿ ತೀರ್ಮಾನಿಸಿದ್ದರು. ನಡುಮನೆಗಿರುವುದು ಒಂದು ಟ್ಯೂಬ್‌ಲೈಟು, ಒಂದು ಕಿಟಕಿ. ಆ ಕಿಟಕಿಯನ್ನು ತೆರೆದರೆ ಪಕ್ಕದ ಮನೆಯವರ ಗೋಡೆ ಕಾಣುತ್ತದೆ, ಬೆಳಕು ಬರುವುದಿಲ್ಲ. ಹಾಗಾಗಿ ಜೂಮ್ ಇಲ್ಲದಿದ್ದರೂ ಪರವಾಗಿಲ್ಲ, ಕಮ್ಮಿ ಬೆಳಕನ್ನೂ ಗಬಗಬನೆ ಕುಡಿಯುವ ಒಂದು ಪ್ರೈಮ್ ಲೆನ್ಸ್ ಬೇಕಿತ್ತು, ನನ್ನ ಸಂಬಳಕ್ಕೆ ಎಟಕುವಂಥದ್ದು.

ಫ್ಲಾಶ್ ಹಾಕಬಹುದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಕಿದರೆ ಅದು ಗೋಡೆಯ ಮೇಲಿನ ಎರಡು ಗಾಜಿನ ಕಟ್ಟುಗಳಿಗೆ ಹೊಡೆದು ಬುದ್ಧನ ಮುಖವಿರುವ ಜಾಗದಲ್ಲೊಂದು, ಬಾಬಾಸಾಹೇಬರ ಮುಖವಿರುವ ಜಾಗದಲ್ಲೊಂದು ಬಿಳಿ ಉಂಡೆ ಕೂರಿಸುತ್ತದೆ. ನಮ್ಮ ಮದುವೆಯಲ್ಲಿ ಹೋಮವಿಲ್ಲ, ಹೊಗೆಯಿಲ್ಲ. ಆ ಎರಡು ಫೋಟೋಗಳ ಮುಂದೆ ಮೊಂಬತ್ತಿ ಹಚ್ಚಿ, ತ್ರಿಶರಣ ಪಂಚಶೀಲ ಹೇಳಿ, ಹಾರ ಬದಲಾಯಿಸಿಕೊಂಡರೆ ಮದುವೆ ಮುಗಿಯಿತು. ಪುರೋಹಿತರೂ ಅದೇ ಗೋಡೆ, ಸಾಕ್ಷಿಯೂ ಅದೇ ಗೋಡೆ. ಅವೆರಡಕ್ಕೂ ಕಟ್ಟು ಹಾಕಿಸಿ ತಂದವಳು ನಮ್ಮಜ್ಜಿ ಅಣ್ಣಮ್ಮ, ಜಯನಗರದ ಕಾಂಪ್ಲೆಕ್ಸಿನ ಮುಂದೆ ಕೂತು ಹೂವು ಮಾರುತ್ತಿದ್ದ ಕಾಲದಲ್ಲಿ.

ಇದೇ ಭಾರ್ಗವ ಎರಡು ವರ್ಷದ ಹಿಂದೆ ನಮ್ಮಣ್ಣನ ಮದುವೆಗೆ ಫೋಟೋ ತೆಗೆದಿದ್ದ. ಅದೇ ನಡುಮನೆ, ಅದೇ ಗೋಡೆ. ಆಲ್ಬಮ್ ಬಂದಾಗ ಅಣ್ಣ ಅತ್ತಿಗೆಯ ರೆಪ್ಪೆಕೂದಲನ್ನು ಎಣಿಸಬಹುದಿತ್ತು. ಅವರ ಹಿಂದೆ ನಿಂತಿದ್ದ ಅಜ್ಜಿ ಒಂದು ಕಂದು ಮುದ್ದೆ. ಅಜ್ಜಿಯ ಹಿಂದಿದ್ದ ಬಾಬಾಸಾಹೇಬರು ಒಂದು ನೀಲಿ ಕಲೆ. ಪಾಪ ಅಜ್ಜಿ ಆಲ್ಬಮನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಂಗೆ ಪೊರೆ ಬಂದೈತೆ ಕಣವ್ವ" ಎಂದಳು. ನಿಜಕ್ಕೂ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣು ಚೆನ್ನಾಗಿದೆ ಎಂದು ಅವರು ಹೇಳಿದ ಮೇಲೆಯೇ ಮಂಜಾಗಿರುವುದು ಆಲ್ಬಮ್ಮು ಎಂದು ಅವಳಿಗೆ ಗೊತ್ತಾಗಿದ್ದು. ಆಮೇಲೆ ಅದನ್ನು ಅವಳು ಮುಟ್ಟಲಿಲ್ಲ.

ಸುಭಾಷನ ಮದುವೆ ನಿಶ್ಚಯವಾದ ದಿನ ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದ್ದು ಒಂದೇ. "ಈ ಸಲ ನೀನೇ ತೆಗಿ. ಬಾಬಾಸಾಹೇಬ್ರ ಜತೆ ನಾನು ನೆಟ್ಟಗೆ ಬರ್ಬೇಕು. ಅಷ್ಟೇ ನಂಗೆ ಬೇಕಾಗಿರಾದು."

ಅದಕ್ಕೆ ಬೇಕಾಗಿದ್ದುದು ಅಗಲವಾಗಿ ನೋಡುವ ಟ್ವೆಂಟಿ ಫೈವ್ ಲೆನ್ಸ್. ಎದುರು ಗೋಡೆಗೆ ಬೆನ್ನು ಕೊಟ್ಟು ನಿಂತರೆ ಗಂಡು, ಹೆಣ್ಣು, ಅಜ್ಜಿ, ಗೋಡೆ ಎಲ್ಲವೂ ಅದರೊಳಗೆ ಹಿಡಿಸುತ್ತವೆ. ಫಿಫ್ಟಿ ಹಾಕಿಕೊಂಡರೆ ಎರಡು ಮುಖ ಹಿಡಿಸುತ್ತವೆ. ಮೂರನೆಯದು ಬೇಕೆಂದರೆ ನಾನು ಗೋಡೆ ಒಡೆದುಕೊಂಡು ಬೀದಿಗೆ ಹೋಗಿ ನಿಲ್ಲಬೇಕು. ಅದನ್ನೇ ಭಾರ್ಗವನಿಗೆ ಬಿಡಿಸಿ ಹೇಳಿದೆ. ಅವನು ಮತ್ತೆ ಅಣ್ಣನ ಕಡೆಯೇ ತಿರುಗಿದ.

"ಸಾರ್, ಚಿಕ್ಕ ಮನೆಗಳಿಗೆ ಫಿಫ್ಟಿನೇ ಬೆಸ್ಟು. ಗೋಡೆ, ಬೀರು, ಗ್ಯಾಸ್ ಸಿಲಿಂಡರ್, ಹಿಂದೆ ಇರೋದೆಲ್ಲ ಬ್ಲರ್ ಆಗೋಗತ್ತೆ. ಯಾರ ಮನೆ ಅಂತಲೂ ಗೊತ್ತಾಗಲ್ಲ. ಸಖತ್ತಾಗಿ ಸ್ಟುಡಿಯೋ ಥರ ಬರತ್ತೆ."

"ಅದೇ ತಗೋ ಕಲ್ಯಾಣಿ," ಎಂದ ನಮ್ಮಣ್ಣ. "ಅವರಿಗೆ ಗೊತ್ತಿರಲ್ವಾ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನಮ್ಮ ಮನೆ ಯಾರದೆಂದು ಗೊತ್ತಾಗಬಾರದು ಎಂದು ಇವನಿಗೆ ಅರ್ಜಿ ಕೊಟ್ಟವರು ಯಾರು? ಎರಡು ವರ್ಷದಿಂದ ಈ ಮನುಷ್ಯನಿಗೆಂದೇ ಜೋಪಾನವಾಗಿ ಇಟ್ಟುಕೊಂಡಿದ್ದ ಮಾತನ್ನು ತೆಗೆದೆ.

"ರೀ, ನಮ್ಮಣ್ಣನ ಮದ್ವೇಲಿ ನಮ್ಮ ಗೋಡೆನ ಯಾಕ್ರೀ ಅಳಿಸಿದ್ರಿ? ಅಲ್ಲಿ ನಮ್ಮಜ್ಜಿ ನಿಂತಿದ್ರು. ಬಾಬಾಸಾಹೇಬರ ಫೋಟೋ ಇತ್ತು. ನಿಮಗೆ ಅದನ್ನ ನೋಡಕ್ಕೆ ಆಗ್ಲಿಲ್ವಾ? ಅಳಿಸಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟಿದ್ದು?"

ಭಾರ್ಗವ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟ. ಅಂಗಡಿಗೆ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿದ.

"ಮೇಡಂ, ನಾನು ಅಗಲದ ಲೆನ್ಸೇ ತಂದಿದ್ದೆ. ಸಾರೇ ಬೇಡ ಅಂದಿದ್ದು. ಗೋಡೆ ಕಾಣ್ಬಾರ್ದು, ಎಷ್ಟು ಬ್ಲರ್ ಆಗತ್ತೋ ಅಷ್ಟು ಮಾಡಿ ಅಂದ್ರು. ಇಲ್ಲೇ ಇದಾರಲ್ಲ, ಕೇಳಿ."

ನಾನು ಕೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನಮ್ಮಣ್ಣ ಆಗಲೇ ಟ್ರೈಪಾಡುಗಳ ಕಡೆ ತಿರುಗಿಕೊಂಡು ಅವುಗಳ ಕಾಲು ನೋಡುತ್ತಿದ್ದ. ಎರಡು ವರ್ಷ ನಾನು ಅತ್ತೆ ಮೇಲಿನ ಕೋಪವನ್ನು ಕೊತ್ತಿ ಮೇಲೆ ತೀರಿಸಿದ್ದೆ. ಹಾಗೆಂದು ಕೊತ್ತಿಯ ಮೇಲೆ ನನಗೆ ಪ್ರೀತಿಯೇನೂ ಉಕ್ಕಲಿಲ್ಲ.

"ಟ್ವೆಂಟಿ ಫೈವ್ ಕೊಡಿ," ಎಂದೆ.

"ಅದು ಮ್ಯಾನ್ಯುಯಲ್ ಮೇಡಂ. ಆಟೋ ಫೋಕಸ್ ಇಲ್ಲ, ಅದಕ್ಕೇ ರೇಟು ಕಮ್ಮಿ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡ್ಬೇಕು. ಲೇಡೀಸ್‌ಗೆ ಸ್ವಲ್ಪ ಕಷ್ಟ."

"ನಿಮ್ಮನೇಲಿ ಗ್ಯಾಸ್ ತಿರುಗಿಸೋರು ಯಾರು?"

ಅವನು ಬಿಲ್ ಮಾಡಿದ.

ಹೊರಗೆ ಬಂದರೆ ಜಯನಗರದ ಫುಟ್‌ಪಾತಿನ ತುಂಬ ಜನ. ಅಣ್ಣ ಎಳನೀರಿನ ಗಾಡಿಯ ಹತ್ತಿರ ನಿಂತು ನನಗೂ ಒಂದು ಕೊಚ್ಚಿಸಿದ. ನಾನು ಮುಟ್ಟಲಿಲ್ಲ.

"ನಿನಗೆ ನಾಚಿಕೆ ಆಗಲ್ವಾ?" ಎಂದೆ. "ಅಜ್ಜಿ ಕಣ್ಣು ಹೋಯ್ತು ಅಂತ ಅತ್ತಾಗ ನೀನು ಪಕ್ಕದಲ್ಲೇ ಕೂತಿದ್ದೆ. ಡಾಕ್ಟರ ಹತ್ರ ಕರ್ಕೊಂಡೋಗಿದ್ದೂ ನೀನೇ. ಒಂದು ಮಾತು ಹೇಳಕ್ಕೆ ಆಗ್ಲಿಲ್ವಾ?"

"ಏನಂತ ಹೇಳ್ಲಿ?"

"ನಾನೇ ಅಳಿಸಿದ್ದು ಅಂತ."

ಅವನು ಎಳನೀರನ್ನು ಕೈಯಲ್ಲೇ ಹಿಡಿದುಕೊಂಡಿದ್ದ. "ಮದ್ವೆಗೆ ಮುಂಚೆ ನಾನಿದ್ದ ಬನಶಂಕರಿ ಬಾಡಿಗೆ ಮನೆ ಯಾಕೆ ಬಿಟ್ಟೆ ಅಂದ್ಕೊಂಡಿದೀಯ? ನೀರಿನ ತೊಂದ್ರೆ ಅಂತ ಹೇಳಿದ್ನಲ್ಲ, ನೀರು ಚೆನ್ನಾಗೇ ಬರ್ತಿತ್ತು. ಒಂದಿನ ಓನರ್ ಬಂದ್ರು, ಹಾಲಲ್ಲಿ ಬಾಬಾಸಾಹೇಬರ ಫೋಟೋ ನೋಡಿದ್ರು. ಕಾಫಿ ಕೊಟ್ರೆ ಬೇಡ ಅಂದ್ರು. ಮಾರನೇ ದಿನ ಫೋನ್ ಮಾಡಿ, ಮಗಳು ಬರ್ತಾಳೆ, ಮನೆ ಖಾಲಿ ಮಾಡಿ ಅಂದ್ರು. ಯಾವ ಮಗಳೂ ಬರಲಿಲ್ಲ ಕಣೇ. ಟು-ಲೆಟ್ ಬೋರ್ಡ್ ಬಂತು."

ಅವನು ಕುಡಿಯದ ಎಳನೀರನ್ನು ಗಾಡಿಯ ಮೇಲಿಟ್ಟ.

"ಈಗಿರೋ ಜೆ.ಪಿ. ನಗರದ ಮನೇಲಿ ಓನರ್ ಆಂಟಿ ಮೊದಲು ಕೇಳಿದ್ದೇ ನೀವು ಯಾವ ಜನ ಅಂತ. ಏನೋ ಹೇಳ್ದೆ. ಮದ್ವೆ ಫೋಟೋ ತೋರ್ಸಿ ಅಂತಾರೆ, ಸ್ಟೇಟಸ್ ನೋಡ್ತಾರೆ, ಆಫೀಸಲ್ಲೂ ನೋಡ್ತಾರೆ. ನಿನಗೇನು, ಸ್ವಂತ ಮನೇಲಿ ಇದೀಯ. ನಿಂಗೆ ಕೋಪ ಮಾಡ್ಕೊಳಕ್ಕೆ ಜಾಗ ಇದೆ."

ಆ ಮಾತು ನನ್ನ ಕಾಲೆಳೆದು ಬೀಳಿಸಿದ್ದು ನಿಜ. ಆ ಓನರ್ ಎದುರಿಗೆ ಸಿಕ್ಕಿದ್ದರೆ ಕೈಯಲ್ಲಿದ್ದ ಹೊಸ ಲೆನ್ಸನ್ನೇ ಎಸೆಯುತ್ತಿದ್ದೆ. ಫೋಟೋ ನೋಡಿ ಕಾಫಿ ಬಿಡುವ ಬಾಯಿಗೆ ನಮ್ಮ ಬಾಡಿಗೆ ಮಾತ್ರ ರುಚಿಯಾಗಿತ್ತು. ಆದರೆ ಆ ಓನರ್ ಖಾಲಿ ಮಾಡಿಸಿದ್ದು ಒಂದು ಮನೆಯನ್ನು. ನಮ್ಮಣ್ಣ ಅವನಿಗೆ ಹೆದರಿ ಫೋಟೋದಲ್ಲಿ ನಮ್ಮ ಸ್ವಂತ ಮನೆಯನ್ನೂ ಖಾಲಿ ಮಾಡಿಸಿದ್ದ, ಅಜ್ಜಿಯನ್ನೇ ಗೋಡೆಯಿಂದ ಅಳಿಸಿದ್ದ. ಅಯ್ಯೋ ಪಾಪ ಅನ್ನಿಸಿತು, ಸಿಟ್ಟು ಮಾತ್ರ ಇಳಿಯಲಿಲ್ಲ. 

"ಈ ಸಲ ಗೋಡೆ ಕಾಣತ್ತೆ," ಎಂದೆ. "ಅಜ್ಜಿಗೆ ಮಾತು ಕೊಟ್ಟಿದೀನಿ."

ಅವನು ಎಳನೀರಿನವನಿಗೆ ದುಡ್ಡು ಕೊಟ್ಟ.

ಮದುವೆಯ ದಿನದೊಳಗೆ ಆ ಲೆನ್ಸ್ ನನ್ನ ಕೈಗೆ ಪಳಗಿತ್ತು. ಲ್ಯಾಬಿನ ಕೌಂಟರಿನಲ್ಲಿ ಕ್ಯೂ ನಿಂತವರ ಮೂಗುಗಳ ಮೇಲೆಲ್ಲ ಫೋಕಸ್ ತಿರುಗಿಸಿ ಅಭ್ಯಾಸ ಮಾಡಿದ್ದೆ. ಲೆನ್ಸಿನ ಬಾಯಿ ಪೂರ್ತಿ ತೆರೆದಿಟ್ಟರೆ ಇದರಲ್ಲೂ ಹಿಂದಿನದು ಮಂಜಾಗುತ್ತದೆ, ಸ್ವಲ್ಪ ಮುಚ್ಚಿದರೆ ಗೋಡೆ ತಿಳಿಯಾಗುತ್ತದೆ. ಆದರೆ ಬೆಳಕು ಕಮ್ಮಿಯಾಗುವುದರಿಂದ ಯಾರೂ ಅಲ್ಲಾಡಬಾರದು. ನಮ್ಮ ಜನಕ್ಕೆ ಅಲ್ಲಾಡದೆ ನಿಲ್ಲಿ ಎಂದು ಹೇಳುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಆದರೂ ಹೇಳಿದೆ.

ಗಂಗಯ್ಯ ದೊಡ್ಡಪ್ಪ ಪಂಚಶೀಲ ಹೇಳಿಕೊಟ್ಟರು. ಬಿಳಿ ಸೀರೆಯ ತೇಜಸ್ವಿನಿ, ಬಿಳಿ ಅಂಗಿಯ ಸುಭಾಷ ಹಾರ ಬದಲಾಯಿಸಿಕೊಂಡರು. ಅವರಿಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಅಜ್ಜಿಯನ್ನು ಹಿಂದೆ ನಿಲ್ಲಿಸಿದೆ. ಅವಳ ತಲೆಯ ಒಂದು ಕಡೆ ಬುದ್ಧ, ಇನ್ನೊಂದು ಕಡೆ ಬಾಬಾಸಾಹೇಬರು. ಅಣ್ಣ ಬಾಗಿಲ ಹತ್ತಿರವೇ ನಿಂತಿದ್ದ. ಅತ್ತಿಗೆ ಬಾಣಂತನಕ್ಕೆಂದು ತವರಿಗೆ ಹೋಗಿದ್ದರಿಂದ ಅವನೊಬ್ಬನೇ ಬಂದಿದ್ದ.

"ಲೇ ಸಿದ್ದ," ಎಂದಳು ಅಜ್ಜಿ, "ಅಲ್ಲೇನು ಚಪ್ಲಿ ಕಾಯ್ತಾ ನಿಂತಿದ್ದೀಯ? ಹಿರೇ ಮೊಮ್ಮಗ ನೀನು. ಬಾ, ಕೂತ್ಕೊ."

ಅವನು ಬಂದು ಸುಭಾಷನ ಪಕ್ಕದ ಕುರ್ಚಿಯಲ್ಲಿ ಕುಳಿತ. ಅಜ್ಜಿ ಒಂದು ಕೈಯಲ್ಲಿ ಸುಭಾಷನ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದನ್ನು ಅಣ್ಣನ ಹೆಗಲ ಮೇಲೆ ಇಟ್ಟಳು. ನಾನು ಅವಳ ಮೂಗುಬೊಟ್ಟಿನ ಮೇಲೆ ಫೋಕಸ್ ಹಿಡಿದೆ. ಉಸಿರು ಬಿಗಿಹಿಡಿಯಿರಿ ಎಂದೆ, ತೆಗೆದೆ.

ಹೊಗಳಿಕೊಳ್ಳುತ್ತೇನೆ ಎಂದುಕೊಂಡರೂ ಚಿಂತೆಯಿಲ್ಲ, ಫೋಟೋ ತುಂಬಾ ಚೆನ್ನಾಗಿ ಬಂದಿತ್ತು. ಅಜ್ಜಿಯ ಮುಖದ ಗೆರೆಗಳು, ಬಾಬಾಸಾಹೇಬರ ಕನ್ನಡಕ, ಗೋಡೆಯ ಸುಣ್ಣ ಎದ್ದಿರುವುದು, ಎಲ್ಲವೂ ಕಾಣುತ್ತಿತ್ತು. ಕ್ಯಾಮೆರಾದಲ್ಲೇ ತೋರಿಸಿದಾಗ ಅಜ್ಜಿ ಬಹಳ ಹೊತ್ತು ನೋಡಿ, "ಈಗ ಸರಿ ಹೋಯ್ತು" ಎಂದಳು. ಮನೆಯವರ ಗ್ರೂಪಿಗೆ ಹಾಕಿದೆ. ಅಣ್ಣನೂ ಒಂದು ಹಾರ್ಟ್ ಒತ್ತಿದ್ದ. ಅಷ್ಟಕ್ಕೇ ನನ್ನ ಸಿಟ್ಟು ಅರ್ಧ ಕರಗಿತು ಎಂದರೆ ನಾನೆಂಥ ಪೆದ್ದಿ ನೋಡಿ.

ಎರಡು ದಿನ ಬಿಟ್ಟು ಬೆಳಿಗ್ಗೆ ಅಜ್ಜಿ, "ಸಿದ್ದ ಅದೇನೋ ಮದ್ವೆ ಪೋಟ ಹಾಕವ್ನಂತೆ, ಸುಭಾಷ ಹೇಳ್ದ, ತೋರ್ಸವ್ವ" ಎಂದು ಬಂದಳು. ನಾನು ಲ್ಯಾಬಿಗೆ ಹೊರಟಿದ್ದವಳು ನಿಂತಲ್ಲೇ ಅವನ ಸ್ಟೇಟಸ್ ತೆರೆದು ಅವಳ ಕೈಗೆ ಕೊಟ್ಟೆ. ಆಮೇಲೆ ನಾನೂ ನೋಡಿದೆ.

ಅದೇ ಫೋಟೋ. ಕುರ್ಚಿಗಳಲ್ಲಿ ಕೂತ ಮೂವರ ತಲೆಗೆ ಸರಿಯಾಗಿ ಮೇಲಿನದನ್ನೆಲ್ಲ ಕತ್ತರಿಸಿದ್ದ. ಬುದ್ಧನಿಲ್ಲ, ಬಾಬಾಸಾಹೇಬರಿಲ್ಲ. ಅಜ್ಜಿಗೆ ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಹಿಂದೆ ಯಾವುದೋ ಸೀರೆಯ ತುಂಡು, ಮತ್ತು ಅಣ್ಣನ ಹೆಗಲ ಮೇಲೆ ಬಳೆ ತೊಟ್ಟ ಒಂದು ಮುದಿ ಕೈ.

ಅಜ್ಜಿ ಪರದೆಯ ಮೇಲೆ ಬೆರಳಿಟ್ಟಳು. "ಇದು ನನ್ ಕೈ ಅಲ್ವೇನವ್ವ?"

 ಅವಳ ಕೈಯಿಂದ ಫೋನು ಕಿತ್ತುಕೊಂಡು ಅಣ್ಣನಿಗೆ ಕರೆ ಮಾಡಿದೆ. ಅವನು ಎತ್ತಿದ ತಕ್ಷಣ ಎಲ್ಲಿಂದ ಶುರು ಮಾಡಲಿ ಎಂದೇ ಗೊತ್ತಾಗಲಿಲ್ಲ, ಅಷ್ಟು ಬೈಗುಳ ಒಟ್ಟಿಗೆ ನುಗ್ಗಿ ಬಂದಿದ್ದವು. "ನೀನು ಮನುಷ್ಯನಾ" ಎಂದೆ. "ಓನರ್ ಆಂಟಿ ನೋಡ್ತಾರೆ ಕಲ್ಯಾಣಿ, ನಿಮ್ಮತ್ತಿಗೆ ಮಗು ಕರ್ಕೊಂಡು ಬರೋ ಹೊತ್ತಿಗೆ ಮನೆ ಬೇಕಲ್ಲ" ಎಂದು ಅವನು ಶುರು ಮಾಡಿದ. ಅಷ್ಟರಲ್ಲಿ ಅಜ್ಜಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಅವಳು ಜೋರು ಮಾಡಲಿಲ್ಲ. ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಮಾತಾಡಿದಳು.

"ಸಿದ್ದ, ಆ ಕೈನೂ ಕತ್ತರಿಸ್ಬಿಡು ಮಗ. ಯಾರ್ದು ಅಂತ ಅವ್ರು ಕೇಳುದ್ರೆ ನೀನು ಸುಳ್ಳು ಹೇಳ್ಬೇಕಾಯ್ತದೆ."

 ಅವಳು ಫೋನನ್ನು ನನಗೆ ಕೊಟ್ಟು ಒಳಗೆ ಹೋದಳು. ಫೋನು ಇನ್ನೂ ಕಟ್ಟಾಗಿರಲಿಲ್ಲ, ಅವನು ಉಸಿರಾಡುವುದು ಕೇಳುತ್ತಿತ್ತು. ಬೈಯಲು ನನ್ನ ಹತ್ತಿರ ಒಂದು ಮಾತೂ ಉಳಿದಿರಲಿಲ್ಲ.