ತಪ್ಪು ಉತ್ತರಗಳ ಬಿಸಿಗಾಳಿ

ಒಗೆದ ಬಟ್ಟೆ ಒಣಗದಿದ್ದರೆ ಮನೆಯಲ್ಲಿ ಎಲ್ಲರ ಮೂಗಿನ ತುದಿಯಲ್ಲೂ ಕೋಪ ಇರುತ್ತದೆ. ಇನ್ನು ಊರವರ ಬಟ್ಟೆಯನ್ನೆಲ್ಲ ಒಗೆಯುವವಳ ಪಾಡು ಕೇಳಬೇಕೆ? ಮೋಡ ಕವಿದು ವಾರವಾಗಿತ್ತು. ಲಾಂಡ್ರಿ ಅಕ್ಕನ ಅಂಗಡಿಯೊಳಗೆ ಹಗ್ಗದ ಮೇಲೆ ಹಗ್ಗ ಕಟ್ಟಿ ಅಂಗಿ, ಚಾದರ, ಹೋಟೆಲಿನ ಮೇಜುಬಟ್ಟೆ ಹರವಿದ್ದರು. ಒಳಗೆ ಬಂದ ಗಿರಾಕಿಯ ಕೆನ್ನೆಗೆ ಯಾರದೋ ಅಂಗಿಯ ಒದ್ದೆ ತೋಳು ಬಡಿಯುತ್ತಿತ್ತು. ಒಣಗಿಸುವ ಯಂತ್ರವೇನೋ ಇತ್ತು. ಆದರೆ ಸಂಜೆಯಾದರೆ ಕರೆಂಟಿಗೆ ಶಕ್ತಿಯೇ ಇರುತ್ತಿರಲಿಲ್ಲ. ಯಂತ್ರ ನಾಲ್ಕು ಸುತ್ತು ತಿರುಗಿ ಮುನಿಸಿಕೊಂಡು ನಿಂತುಬಿಡುತ್ತಿತ್ತು.

"ಇದಕ್ಕೂ ನಿಮ್ಮಪ್ಪನ ಗುಣಾನೇ ಬಂದಿದೆ" ಎಂದು ಅಕ್ಕ ಮಗಳ ಹತ್ತಿರ ಗೊಣಗಿದಳು.

ಮಗಳು ಊರಿನ ಕ್ಲಬ್ಬಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅವಳನ್ನು ದಾಟಿ ಚೆಂಡು ಒಳಗೆ ಹೋಗುವುದಿಲ್ಲ ಎಂದು ಗೆಳತಿಯರು ‘ಗೋಡೆ’ ಎಂದು ಕರೆಯುತ್ತಿದ್ದರು. ಹೇಳಿದ ಮಾತು ಕಿವಿಯೊಳಗೆ ಹೋಗುವುದಿಲ್ಲ ಎಂದು ಅಮ್ಮನೂ ಹಾಗೆಯೇ ಕರೆಯುತ್ತಿದ್ದಳು.

ಮರುದಿನ ಪಂದ್ಯವಿತ್ತು. ತಂಡದ ಜೆರ್ಸಿಗಳೆಲ್ಲ ಇನ್ನೂ ಹಸಿ. ಅಕ್ಕ ಅವನ್ನು ಬುಟ್ಟಿಗೆ ತುಂಬಿ, ಮಗಳ ತಲೆಯ ಮೇಲಿಟ್ಟು, ಹಳೆಯ ಗಾಜಿನ ಕಾರ್ಖಾನೆಯ ಹಿಂಬದಿಗೆ ಹೊರಟಳು. ಕಾರ್ಖಾನೆ ಮುಚ್ಚಿ ಬಹಳ ವರ್ಷವಾಗಿತ್ತು. ಈಚೆಗೆ ಒಂದು ಕ್ರಿಪ್ಟೊ ನಾಣ್ಯದ ಕಂಪನಿ ಅದನ್ನು ಬಾಡಿಗೆಗೆ ಹಿಡಿದಿತ್ತು. ಹಿಂದಿನ ಗೋಡೆಯ ತುಂಬ ದೊಡ್ಡ ದೊಡ್ಡ ಫ್ಯಾನುಗಳು. ಅವುಗಳಿಂದ ಹಗಲೂ ರಾತ್ರಿ ಬಿಸಿಗಾಳಿ ಹೊರಗೆ ನುಗ್ಗುತ್ತಿತ್ತು.

ಬೇಲಿಯ ಮೇಲೆ ಜೆರ್ಸಿ ಹರವಿದರು. ತಾಯಿ ಮಗಳು ಫ್ಲಾಸ್ಕಿನಲ್ಲಿ ತಂದ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವು ಗರಿಗರಿಯಾಗಿದ್ದವು. ಅಕ್ಕ ಕಣ್ಣು ಬಿಟ್ಟುಕೊಂಡು ನೋಡಿದಳು. ಮೋಡದ ದಿನ, ಬೆಂಕಿಯಿಲ್ಲ, ಹೊಗೆಯಿಲ್ಲ, ಬಟ್ಟೆ ಮಾತ್ರ ಒಣಗಿದೆ!

"ನೋಡಿದ್ಯಾ ಅಮ್ಮಾ? ಎಷ್ಟು ಒಳ್ಳೇ ಕಂಪನಿ" ಎಂದಳು ಗೋಡೆ. "ಇದೇ ಕಂಪನಿ ನಮ್ಮ ತಂಡಕ್ಕೆ ದುಡ್ಡು ಕೊಡೋದು. ನಾಡಿದ್ದು ಭಾನುವಾರ ಸಭೇಲಿ ನೀನು ಕೈ ಎತ್ತೋದು ಮರೀಬೇಡ."

ವಿಷಯ ಹೀಗಿತ್ತು. ಹುಡುಗಿಯರ ತಂಡವನ್ನು ನಡೆಸಲು ಕ್ಲಬ್ಬಿಗೆ ಶಕ್ತಿ ಇರಲಿಲ್ಲ. ಪ್ರಾಯೋಜಕರು ಸಿಗದಿದ್ದರೆ ಈ ವರ್ಷ ಲೀಗಿಗೆ ಹೆಸರು ಕೊಡುವುದಿಲ್ಲ ಎಂದು ಕಾರ್ಯದರ್ಶಿ ಹೇಳಿಬಿಟ್ಟಿದ್ದರು. ಆಗ ಬಂದದ್ದು ಈ ಕಂಪನಿ. ಹೊಸ ಜೆರ್ಸಿ, ಬೂಟು, ದೂರದ ಪಂದ್ಯಗಳಿಗೆ ಬಸ್ಸು, ಎಲ್ಲ ಕೊಡುತ್ತದಂತೆ. ಎದೆಯ ಮೇಲೆ ನಾಣ್ಯದ ಹೆಸರಿರಬೇಕು. ಪಂದ್ಯದ ದಿನ ಗೇಟಿನ ಹತ್ತಿರ ಒಂದು ಮೇಜು ಹಾಕಿ, ನೋಡಲು ಬಂದವರಿಗೆ ನಾಣ್ಯ ಮಾರಬೇಕು. ಅಷ್ಟೇ. ಗೋಡೆಯ ಕಾಲು ಆವತ್ತಿನಿಂದ ನೆಲದ ಮೇಲಿರಲಿಲ್ಲ. ಇನ್ನು ಭಾನುವಾರದ ಸಭೆಯಲ್ಲಿ ಕ್ಲಬ್ಬಿನವರು ಕೈ ಎತ್ತಿ ಒಪ್ಪುವುದೊಂದೇ ಬಾಕಿ.

"ಎತ್ತುತೀನಿ ಮಾರಾಯ್ತಿ, ಎರಡೂ ಕೈ ಎತ್ತುತೀನಿ" ಎಂದು ಅಕ್ಕ ನಗುತ್ತಿರುವಾಗ ಬೇಲಿಯ ಆಚೆಯಿಂದ ಯಾರೋ ಕರೆದರು.

"ಅತ್ತಿಗೆ! ಇಲ್ಲೂ ಅಂಗಡಿ ಇಟ್ರಾ?"

ಅಕ್ಕನ ನಾದಿನಿ. ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರ್. ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ತಪಾಸಣೆಗೆ ಬಂದಿದ್ದಳು.

"ಪುಕ್ಕಟೆ ಗಾಳಿ ಕಣೇ, ಬಿಡ್ತೀನಾ? ಅಲ್ಲಾ, ಇದನ್ನ ನಾಣ್ಯದ ಗಣಿ ಅಂತಾರಲ್ಲ, ಒಂದು ಬುಟ್ಟಿ ಮಣ್ಣಾದ್ರೂ ಹೊರಗೆ ಬಂದಿದ್ದು ನಾ ಕಾಣೆ. ಏನು ಅಗೀತಾರೆ ಒಳಗೆ?"

"ಬನ್ನಿ, ತೋರಿಸ್ತೀನಿ" ಎಂದು ನಾದಿನಿ ಕಾವಲುಗಾರನನ್ನು ಕೇಳಿ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು.

ಬಾಗಿಲು ತೆರೆಯಿತು. ಅಕ್ಕನ ಬಾಯಿಂದ "ಅಯ್ಯಬ್ಬಾ" ಎಂಬುದೊಂದೇ ಬಂತು. ಅದೂ ಅವಳಿಗೇ ಕೇಳಿಸಲಿಲ್ಲ, ಅಷ್ಟು ಸದ್ದು. ಒಂದು ಕಾಲದಲ್ಲಿ ಗಾಜು ಕರಗಿಸುತ್ತಿದ್ದ ಆ ಉದ್ದನೆಯ ಶೆಡ್ಡಿನಲ್ಲಿ ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳು. ಪ್ರತಿ ಕಪಾಟಿನಲ್ಲೂ ಸಾಲಾಗಿ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯಲ್ಲೂ ಹಸಿರು ದೀಪ. ಸಾವಿರಾರು ದೀಪಗಳು ಒಂದು ಕ್ಷಣವೂ ನಿಲ್ಲದೆ ಮಿನುಗುತ್ತಿದ್ದವು. ಕೊನೆ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಮೈಗೆ ಒಲೆಯ ಬಾಯಿಯ ಮುಂದೆ ನಿಂತಷ್ಟು ಸೆಕೆ. ಮನುಷ್ಯ ಇಂಥದ್ದನ್ನೂ ಕಟ್ಟಬಲ್ಲನೇ ಎಂದು ಅಕ್ಕನಿಗೆ ಮೈ ಜುಮ್ಮೆಂದಿತು. ಗೋಡೆ ಮಾತೇ ಮರೆತು ನಿಂತಿದ್ದಳು. ಅವಳ ಜೀವಮಾನದಲ್ಲಿ ಅದು ಅಪರೂಪ.

"ಏನು ಮಾಡ್ತವೆ ಇವೆಲ್ಲ?" ಎಂದು ಅಕ್ಕ ಕಿವಿಯ ಹತ್ತಿರ ಕೂಗಿದಳು.

"ಊಹೆ ಮಾಡ್ತವೆ" ಎಂದು ನಾದಿನಿಯೂ ಕೂಗಿದಳು. "ಈ ನಾಣ್ಯ ಕೈಗೆ ಸಿಗೋದಲ್ಲ, ಕಂಪ್ಯೂಟರಿನಲ್ಲಿರೋ ಲೆಕ್ಕ. ಯಾರು ಯಾರಿಗೆ ಕೊಟ್ರು ಅನ್ನೋ ಲೆಕ್ಕಕ್ಕೆ ಆಗಾಗ ಬೀಗ ಹಾಕ್ಬೇಕು. ಆ ಬೀಗಕ್ಕೆ ಒಂದು ಸಂಖ್ಯೆ ಹೊಂದ್ಬೇಕು. ಅದು ಇದಾ? ಅಲ್ಲ. ಅದಾ? ಅಲ್ಲ. ಹೀಗೆ ಕಣ್ಣು ಮಿಟುಕಿಸೋದ್ರೊಳಗೆ ಕೋಟಿ ಕೋಟಿ ಸಲ ಊಹೆ ಮಾಡ್ತವೆ. ಲೋಕದ ಎಲ್ಲೆಲ್ಲೋ ಇರೋ ಇಂಥ ಶೆಡ್ಡುಗಳೂ ಪೈಪೋಟಿ ಮೇಲೆ ಅದನ್ನೇ ಮಾಡ್ತಿರ್ತವೆ. ಯಾರಿಗೆ ಮೊದಲು ಸಿಗುತ್ತೋ ಅವರಿಗೆ ಹೊಸ ನಾಣ್ಯ."

"ಉಳಿದೋರಿಗೆ?"

"ಏನೂ ಇಲ್ಲ. ಮಾಡಿದ್ದೆಲ್ಲ ದಂಡ. ಮತ್ತೆ ಮೊದಲಿಂದ."

"ತಪ್ಪಾದ ಉತ್ತರವೆಲ್ಲ ಏನಾಗುತ್ತೆ?"

"ಹೊರಗೆ ನಿಮ್ಮ ಜೆರ್ಸಿ ಒಣಗಿಸ್ತಲ್ಲ ಅತ್ತಿಗೆ, ಅದೇ. ಸುಟ್ಟ ಕರೆಂಟೆಲ್ಲ ಕೊನೆಗೆ ಬಿಸಿಗಾಳಿ."

ಹಗಲೂ ರಾತ್ರಿ ಬೀಸುವ ಆ ಗಾಳಿ, ಅಷ್ಟೂ ತಪ್ಪು ಉತ್ತರಗಳೇ! ಅಕ್ಕನಿಗೆ ಬೆರಗೂ ಆಯಿತು, ಒಂದು ಥರ ಭಯವೂ ಆಯಿತು.

ಹೊರಗೆ ಬಂದ ಮೇಲೆ ನಾದಿನಿ ನಿಧಾನವಾಗಿ ಹೇಳಿದಳು. "ನಮ್ಮೂರಿನ ಮನೆಗಳೆಲ್ಲ ಸೇರಿದ್ರೂ ಇಷ್ಟು ಕರೆಂಟು ಉರಿಸಲ್ಲ. ಸಂಜೆ ಊರೆಲ್ಲ ದೀಪ ಹಾಕಿದಾಗ ನಿಮ್ಮ ಯಂತ್ರ ಮುನಿಸ್ಕೊಳ್ಳೋದು ಇದರಿಂದಾನೇ. ಈ ಕರೆಂಟಿಗಾಗಿ ಅಲ್ಲೆಲ್ಲೋ ಕಲ್ಲಿದ್ದಲು ಸುಡ್ತಾ ಇದಾರೆ, ಆ ಹೊಗೆ ಎಲ್ಲರ ತಲೆ ಮೇಲೆ. ಹೊಸ ಯಂತ್ರ ಬಂದ ಹಾಗೆ ಹಳೇದು ಕಸ. ನೋಡಿ, ಮೂಲೇಲಿ ಗುಡ್ಡೆ ಹಾಕಿದಾರೆ."

ಗೋಡೆ ಸುಲಭಕ್ಕೆ ಬೀಳುವವಳೇ? "ಆದ್ರೂ ಅತ್ತೆ, ಮುಂದಿನ ಕಾಲಕ್ಕೆ ಇದೇ ದುಡ್ಡಂತೆ. ದೊಡ್ಡ ದೊಡ್ಡ ತಂಡದೋರೇ ಇಂಥ ಹೆಸರು ಹಾಕ್ಕೊಂಡು ಆಡ್ತಾರೆ. ಅವರೆಲ್ಲ ದಡ್ಡರಾ?"

"ದಡ್ಡರಲ್ಲ ಪುಟ್ಟಾ. ಅವರಿಗೆ ಹಣ ಬರುತ್ತೆ, ಹಾಕ್ಕೊಳ್ತಾರೆ. ಅಂಗಿ ಮೇಲಿರೋ ಹೆಸರು ಜಾಹೀರಾತು, ಜಾಮೀನಲ್ಲ. ಎಲ್ಲಾ ಕ್ರಿಪ್ಟೊನೂ ಇಷ್ಟು ಕರೆಂಟು ತಿನ್ನಲ್ಲ, ಅದೂ ನಿಜ. ಇದು ತಿನ್ನುತ್ತೆ. ಇದರ ಬೆಲೆ ಇವತ್ತು ಅಟ್ಟದ ಮೇಲೆ, ನಾಳೆ ಬಾವಿಯೊಳಗೆ. ಕೆಲವರು ಗಳಿಸಿದಾರೆ. ಇದ್ದಿದ್ದನ್ನೆಲ್ಲ ಕಳ್ಕೊಂಡೋರೂ ಇದಾರೆ."

"ಹಂಗಾದ್ರೆ ನಾನು ಆಡೋದು ಬೇಡ್ವಾ?" ಎಂದಳು ಹುಡುಗಿ.

ಅಕ್ಕ ಬೇಲಿಯ ಮೇಲಿದ್ದ ಜೆರ್ಸಿಗಳನ್ನು ಒಂದೊಂದಾಗಿ ಮಡಿಸಿ ಬುಟ್ಟಿಗೆ ಹಾಕತೊಡಗಿದಳು.

ಭಾನುವಾರ ಮೈದಾನದ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಸಭೆ ಸೇರಿತು. ಬೇಕರಿಯವರು, ಸೈಕಲ್ ಅಂಗಡಿಯವರು, ಆಟಗಾರ್ತಿಯರು, ಅವರ ತಾಯಂದಿರು ಒತ್ತೊತ್ತಾಗಿ ಕೂತಿದ್ದರು. ಕಂಪನಿಯವರು ಹೊಸ ಜೆರ್ಸಿ ಬಿಡಿಸಿ ಹಿಡಿದರು. ಕಡುನೀಲಿ ಬಣ್ಣ, ಎದೆಯ ಮೇಲೆ ಹೊಳೆಯುವ ನಾಣ್ಯ. ಕೋಣೆಯಲ್ಲಿ "ಆಹಾ" ಎಂಬ ಉದ್ಗಾರ ಎದ್ದಿತು. ಸುಳ್ಳೇಕೆ, ಲಾಂಡ್ರಿ ಅಕ್ಕನಿಗೂ ಆ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಬೇಕೆನಿಸಿತು.

"ಗೋಲ್‌ಕೀಪರ್ ಯಾರಮ್ಮ? ಬಾ, ಹಾಕ್ಕೊಂಡು ತೋರಿಸು."

ಗೋಡೆ ಎದ್ದು ಹೋದಳು. ಜೆರ್ಸಿ ಕೈಗೆ ತೆಗೆದುಕೊಂಡಳು. ಹಾಕಿಕೊಳ್ಳಲಿಲ್ಲ.

"ಸಾರ್, ಗೇಟಿನ ಹತ್ರ ಮೇಜು ಹಾಕ್ತೀರಲ್ಲ. ಅಲ್ಲಿ ನಾಣ್ಯ ಕೊಂಡೋರಿಗೆ ಆಮೇಲೆ ಬೆಲೆ ಬಿದ್ರೆ?"

ಕಂಪನಿಯವರು ನಕ್ಕರು. "ಲಾಭ ನಷ್ಟ ಕೊಂಡವರದ್ದಮ್ಮ. ಒಪ್ಪಂದದಲ್ಲೇ ಬರೆದಿದೆ."

"ಅವರು ಕೊಳ್ಳೋದು ಯಾಕೆ ಸಾರ್? ನಮ್ಮನ್ನ ನೋಡಿ ತಾನೇ?" ಹುಡುಗಿ ಗೆಳತಿಯರು ಕೂತಿದ್ದ ಕಡೆ ಕೈ ತೋರಿಸಿದಳು. "ನನ್ನ ಆಟ ನೋಡೋಕೆ ನನ್ನ ಗೆಳತಿಯರ ಅಜ್ಜಿಯಂದಿರು ಬರ್ತಾರೆ. ಅವರಿಗೆ ನಿಮ್ಮ ಕಂಪನಿ ಗೊತ್ತಿಲ್ಲ, ನಾನು ಗೊತ್ತು. ನಂಬಿಕೆ ನನ್ನ ಮೇಲೆ, ನಷ್ಟ ಅವರಿಗೆ, ಹೊಗೆ ಊರಿಗೆ. ನಂಗೆ ಆಡ್ಬೇಕು ಸಾರ್. ತುಂಬಾ ಆಸೆ ಇದೆ. ಆದ್ರೆ ಇದನ್ನ ಎದೆ ಮೇಲೆ ಹಾಕ್ಕೊಂಡು ಆಡೋಕಾಗಲ್ಲ."

ಜೆರ್ಸಿಯನ್ನು ಒಂದು ಸುಕ್ಕೂ ಇಲ್ಲದಂತೆ ಮಡಿಸಿ ಮೇಜಿನ ಮೇಲಿಟ್ಟು ಬಂದು ಕೂತಳು. ಹೆತ್ತ ಮಗಳನ್ನು ಅಕ್ಕ ಬೇರೆ ಯಾರನ್ನೋ ನೋಡಿದ ಹಾಗೆ ನೋಡಿದಳು. ಶೆಡ್ಡಿನೊಳಗೆ ಸಾವಿರಾರು ದೀಪ ಕಂಡಾಗಲೂ ಅವಳ ಎದೆ ಹೀಗೆ ತುಂಬಿ ಬಂದಿರಲಿಲ್ಲ.

ಒಪ್ಪುವವರು ಕೈ ಎತ್ತಿ ಎಂದು ಕಾರ್ಯದರ್ಶಿ ಹೇಳಿದಾಗ ಎದ್ದ ಕೈ ಬೆರಳೆಣಿಕೆಯಷ್ಟು. ಅಕ್ಕನ ಎರಡೂ ಕೈ ಮಗಳ ಕೈ ಹಿಡಿದಿದ್ದವು.

ಆ ವರ್ಷ ಹುಡುಗಿಯರು ಲೀಗಿಗೆ ಹೋಗಲಿಲ್ಲ. ಬಸ್ಸಿಲ್ಲ, ಹೊಸ ಬೂಟಿಲ್ಲ. ಗೋಡೆ ನಾಲ್ಕು ದಿನ ಮೈದಾನದ ಕಡೆ ತಲೆಯೇ ಹಾಕಲಿಲ್ಲ. ಆಮೇಲೆ ಬೇಕರಿಯವರು ಚೆಂಡು ಕೊಡಿಸಿದರು, ಸೈಕಲ್ ಅಂಗಡಿಯವರು ಬಲೆ ಕಟ್ಟಿಸಿದರು. ತಂಡ ಮುಚ್ಚಲಿಲ್ಲ. ಅಕ್ಕಪಕ್ಕದ ಊರುಗಳ ತಂಡಗಳನ್ನು ಕರೆಸಿ ತಮ್ಮ ಮೈದಾನದಲ್ಲೇ ಆಡುತ್ತಿದ್ದಾರೆ. ಮುಂದಿನ ವರ್ಷ ಲೀಗಿಗೆ ಹೋಗುವ ಆಸೆ ಇದ್ದೇ ಇದೆ.

ಓದುತ್ತಿರುವ ಅಕ್ಕ, ಅಣ್ಣ, ನಾಳೆ ನಿಮ್ಮ ಮೆಚ್ಚಿನ ತಂಡದ ಎದೆಯ ಮೇಲೂ ಒಂದು ನಾಣ್ಯ ಹೊಳೆಯಬಹುದು. ಚಪ್ಪಾಳೆ ಆಟಕ್ಕೆ ಹೊಡೆಯಿರಿ, ಕೈತುಂಬ ಹೊಡೆಯಿರಿ. ದುಡ್ಡು ಹಾಕಿ ಎಂದು ಯಾರಾದರೂ ಬಂದರೆ ಮಾತ್ರ ನಿಲ್ಲಿಸಿ ಕೇಳಿ: ಇದು ಎಷ್ಟು ಕರೆಂಟು ಉರಿಸುತ್ತದೆ, ಆ ಕರೆಂಟು ಎಲ್ಲಿಂದ ಬರುತ್ತದೆ, ಬೆಲೆ ಬಿದ್ದರೆ ಹೊಣೆ ಯಾರದು? ತಿಳಿದವರನ್ನೂ ಒಂದು ಮಾತು ವಿಚಾರಿಸಿ. ನಿಮ್ಮ ಊರಿನ ಕ್ಲಬ್ಬಿನ ಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಾದರೂ ಕೂತು, ಬಾಯಿ ಬಿಟ್ಟು ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇಳಿದರೆ ತನ್ನ ಆಟವೇ ಹೋಗುತ್ತದೆಂದು ಗೊತ್ತಿದ್ದೂ ಒಬ್ಬ ಹುಡುಗಿ ಕೇಳಿದ್ದಾಳೆ.